ಭಾನುವಾರದ ರೊಟ್ಟಿ

ನಮ್ಮ ಮನೆಯ ಅನ್ನ ಎಂದೂ ಒಂದೇ ಹದಕ್ಕೆ ಬೇಯುತ್ತಿರಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆಯಾಗಿ, ಅರ್ಧ ಕಾಳುಕಾಳಾಗಿ ಇರುತ್ತಿತ್ತು. ಅದಕ್ಕೆ ಅಮ್ಮನ ಅಡುಗೆ ಕಾರಣವಲ್ಲ, ಅಪ್ಪನ ಕೆಲಸ ಕಾರಣ. ಅಪ್ಪ ಗೋಣಿಬೀಡಿನಲ್ಲಿ ಒಂದು ಸಣ್ಣ ಕ್ರೈಸ್ತ ಸಭೆಯ ಪಾದ್ರಿ. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ದೇವರ ಮಾತು ಹೇಳುವುದಕ್ಕೆ ಸಂಬಳ ತೆಗೆದುಕೊಳ್ಳಬಾರದೆಂಬುದು ಅವರ ಹಟ. ಅದಕ್ಕಾಗಿ ಸಭೆಯ ಹೆಂಗಸರು ದಿನವೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಕ್ಕೆ ಹಾಕಿಟ್ಟು, ಭಾನುವಾರ ತಂದು ನಮ್ಮ ಮನೆಯ ಮೂಲೆಯಲ್ಲಿದ್ದ ಚೀಲಕ್ಕೆ ಸುರಿಯುತ್ತಿದ್ದರು. ಒಬ್ಬರದು ರೇಷನ್ ಅಕ್ಕಿ, ಒಬ್ಬರದು ಕುಚ್ಚಲಕ್ಕಿ, ಇನ್ನೊಬ್ಬರದು ಗೌಡರ ಮನೆಯಲ್ಲಿ ಕೊಟ್ಟ ಹೊಸ ಅಕ್ಕಿ. ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯಬೇಕು. ನಾನು ಊಟಕ್ಕೆ ಕೂತು ಮುಖ ಸಿಂಡರಿಸಿದರೆ ಅಪ್ಪ, ಇದರಲ್ಲಿ ಎಷ್ಟು ಮನೆಯ ಒಲೆ ಇದೆ ನೋಡು ಎನ್ನುತ್ತಿದ್ದರು. ಅಮ್ಮ ಮಾತ್ರ, ಮನೆಗಳು ಒಂದಾಗುತ್ತವೆ, ಅಕ್ಕಿ ಒಂದಾಗುವುದಿಲ್ಲ ಎಂದು ಗೊಣಗುತ್ತ ಬೆಂದ ಭಾಗವನ್ನು ನಮಗೆ ಬಡಿಸಿ, ಬೇಯದ್ದನ್ನು ತಾನು ತಿನ್ನುತ್ತಿದ್ದಳು.

ನಮ್ಮದು ಮೂಡಿಗೆರೆ ರಸ್ತೆಯ ಬದಿಯ ಹಂಚಿನ ಮನೆ. ಇದ್ದದ್ದು ಮೂರೇ ಕೋಣೆ. ಮುಂದಿನದು ದೊಡ್ಡದು. ವಾರವೆಲ್ಲ ಅದು ಅಪ್ಪನ ಟೈಲರ್ ಅಂಗಡಿ. ಎಸ್ಟೇಟಿನ ಹೆಂಗಸರ ರವಿಕೆ, ಸ್ಕೂಲು ಮಕ್ಕಳ ಚಡ್ಡಿ, ಕುಯ್ಲು ಬಂದಾಗ ಕಾಫಿ ಹಣ್ಣು ಕುಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ, ಇವು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಶನಿವಾರ ಸಂಜೆ ಹೊಲಿಗೆ ಮಿಷನ್ನನ್ನು ಗೋಡೆಗೆ ಸರಿಸಿ, ಅದರ ಮೇಲೊಂದು ಬಿಳಿ ಬಟ್ಟೆ ಹಾಸಿದರೆ ಅದೇ ಉಪದೇಶದ ಪೀಠ. ನೆಲದಲ್ಲಿ ಬಿದ್ದ ಬಟ್ಟೆ ಚೂರುಗಳನ್ನೂ ದಾರವನ್ನೂ ಗುಡಿಸುವುದು ನನ್ನ ಪಾಲಿನ ಕೆಲಸ. ಎಷ್ಟು ಗುಡಿಸಿದರೂ ಯಾರದೋ ಸೀರೆಗೆ ಕೆಂಪು ನೂಲೊಂದು ಅಂಟಿಕೊಂಡು ಹೋಗುತ್ತಿತ್ತು. ನಡುವಿನ ಕೋಣೆಯಲ್ಲಿ ನಾವು ಮಲಗುತ್ತಿದ್ದೆವು. ಹಿಂದಿನದು ಅಡುಗೆಮನೆ. ಮೂರರ ಬಾಗಿಲೂ ಒಂದೇ ಸಾಲಿನಲ್ಲಿದ್ದುದರಿಂದ ಅಡುಗೆಮನೆಯ ಹೊಸ್ತಿಲಲ್ಲಿ ಕೂತವರಿಗೆ ಮುಂದಿನ ಕೋಣೆಯಲ್ಲಿ ನಡೆಯುವುದೆಲ್ಲ ಕಾಣುತ್ತಿತ್ತು.

ಅಪ್ಪ ಸಣ್ಣ ವಯಸ್ಸಿನಲ್ಲಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ ಕೈಕೆಳಗೆ ಇದ್ದವರು. ಅಲ್ಲಿಗೆ ಬಂದ ಒಬ್ಬ ಮುದುಕ ಉಪದೇಶಕರ ಮಾತು ಕೇಳಿ, ಇಪ್ಪತ್ತು ದಾಟಿದ ಮೇಲೆ ಹೇಮಾವತಿ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. ನಮ್ಮ ಸಭೆಯ ಎಲ್ಲ ವಿಚಾರವೂ ಆ ಮುಳುಗುವಿಕೆಯ ಸುತ್ತಲೇ ಇತ್ತು. ಹುಟ್ಟಿದ ಕೂಸಿನ ಹಣೆಗೆ ನೀರು ಚಿಮುಕಿಸಿದರೆ ಅದು ದೀಕ್ಷೆಯಲ್ಲ, ಬುದ್ಧಿ ಬಂದವನು ತಾನಾಗಿ ನಂಬಿ, ತನ್ನ ಬಾಯಲ್ಲೇ ಹೇಳಿ, ಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು. ಹಾಗೆ ಮುಳುಗಿ ಎದ್ದವರಿಗೆ ಮಾತ್ರ, ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ. ಅಪ್ಪ ಉಪದೇಶದಲ್ಲಿ ಸದಾ ಹೇಳುತ್ತಿದ್ದ ಮಾತು ಒಂದಿತ್ತು.

"ನನ್ನ ಹಸಿವಿಗೆ ನೀವು ಉಣ್ಣೋಕಾಗಲ್ಲ. ಹಾಗೇ ಒಬ್ಬರ ಪರವಾಗಿ ಇನ್ನೊಬ್ಬರು ನಂಬೋಕಾಗಲ್ಲ."

ದೀಕ್ಷಾಸ್ನಾನ ನಡೆಯುತ್ತಿದ್ದುದು ಪಕ್ಕದ ಎಸ್ಟೇಟಿನ ಕೆರೆಯಲ್ಲಿ. ಕೆರೆಯ ಯಜಮಾನರಾದ ಗೌಡರು ನಮ್ಮ ಧರ್ಮದವರಲ್ಲ, ಆದರೆ ಅಪ್ಪ ಹೊಲಿದ ಅಂಗಿಯನ್ನೇ ತೊಡುತ್ತಿದ್ದರು. ಅಪ್ಪ ಪ್ರತಿ ಸಲವೂ ಹೋಗಿ ಅಪ್ಪಣೆ ಕೇಳುವರು, ಗೌಡರು ಪ್ರತಿ ಸಲವೂ ಅದೇ ಮಾತು ಹೇಳುವರು.

"ಸ್ನಾನಕ್ಕೆ ಕೆರೆನೇ ಬೇಕಾ ಅಯ್ಯನವ್ರೇ? ನಮ್ಮ ಹಂಡೆಲಿ ಬಿಸಿನೀರು ಕಾಯಿಸಿ ಕೊಡ್ತಿದ್ದೆನಲ್ಲ. ಆಯ್ತು ಮಾರಾಯ್ರೆ, ಪಾಚಿ ಇದೆ, ಜಾರೀರಿ, ನೋಡ್ಕೊಂಡು ಇಳೀರಿ."

ಅಮ್ಮ ಚಾರ್ಮಾಡಿ ಘಾಟಿಯ ಕೆಳಗಿನವಳು. ಆ ಕಡೆಯ ಹಳೆಯ ಸಭೆಯೊಂದರಲ್ಲಿ ಹುಟ್ಟಿದವಳು. ಅಲ್ಲಿ ಕೂಸುಗಳಿಗೇ ದೀಕ್ಷೆ ಕೊಡುವ ಪದ್ಧತಿ. ಮದುವೆಯಾಗಿ ಘಾಟಿ ಹತ್ತಿ ಬಂದ ಮೇಲೆ ಅವಳ ಮಾತಿನಲ್ಲಿ 'ಉಂಟು', 'ಎಂತದು', 'ಆಗೂದಿಲ್ಲ' ಎಲ್ಲವೂ ಹಾಗೆಯೇ ಉಳಿದವು. ಆ ಹಣೆಯ ನೀರೂ ಹಾಗೆಯೇ ಉಳಿಯಿತು. ಅವಳು ಕೆರೆಗೆ ಇಳಿಯಲಿಲ್ಲ. ತಿಂಗಳ ಮೊದಲ ಭಾನುವಾರ ಭೋಜನದ ಆರಾಧನೆ. ಅದಕ್ಕೆ ಬೇಕಾದ ಹಿಟ್ಟು ಹುಳಿ ಬರಿಸದೆ ಮಾಡುವ ರೊಟ್ಟಿಯನ್ನು ಅಮ್ಮನೇ ಸುಡುತ್ತಿದ್ದಳು. ಒಣದ್ರಾಕ್ಷಿಯನ್ನು ನೆನೆಹಾಕಿ, ಬಿಳಿ ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಿದ್ದವಳೂ ಅವಳೇ. ಹಾಡು, ಓದು, ಉಪದೇಶ ಮುಗಿಯುವವರೆಗೆ ಎಲ್ಲರ ನಡುವೆ ಚಾಪೆಯ ಮೇಲೆ ಕೂತಿರುತ್ತಿದ್ದಳು. ಅಪ್ಪ ತಟ್ಟೆಯ ಮೇಲಿನ ಬಟ್ಟೆ ತೆಗೆದ ಕೂಡಲೇ ಸದ್ದಿಲ್ಲದೆ ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು. ದೀಕ್ಷೆಯಾಗದ ಮಕ್ಕಳಾದ ನಾವೂ ಅವಳ ಸುತ್ತ ಕೂರುತ್ತಿದ್ದೆವು. ತಟ್ಟೆ ಎಲ್ಲರನ್ನೂ ಸುತ್ತಿ ನಡುವಿನ ಕೋಣೆಯ ಬಾಗಿಲವರೆಗೆ ಬಂದು ಹಿಂದಕ್ಕೆ ತಿರುಗುತ್ತಿತ್ತು. ಮಕ್ಕಳ ಜೊತೆ ದೊಡ್ಡವಳೊಬ್ಬಳು ಕೂತಿರುವುದು ನನಗೆ ಬಹಳ ಕಾಲ ವಿಶೇಷವಾಗಿ ಕಂಡಿರಲಿಲ್ಲ. ಅಮ್ಮ ನಮ್ಮ ಪಕ್ಷ ಎಂದುಕೊಂಡಿದ್ದೆ.

ಏಳನೆಯ ಕ್ಲಾಸಿಗೆ ಬಂದ ವರ್ಷ ಒಂದು ದಿನ, ಕೆಸುವಿನೆಲೆಗೆ ಹಿಟ್ಟು ಹಚ್ಚುತ್ತ ಕೂತಿದ್ದ ಅಮ್ಮನನ್ನು ಕೇಳಿಯೇಬಿಟ್ಟೆ. ನೀನು ಯಾಕೆ ಮುಳುಗುವುದಿಲ್ಲ, ನೀರು ಕಂಡರೆ ಭಯವಾ ಎಂದು. ಅಮ್ಮ ಎಲೆಯಿಂದ ಕೈ ತೆಗೆಯದೆ ಹೇಳಿದಳು.

"ಭಯ ಎಂತ ಭಯ. ನೇತ್ರಾವತಿಯಲ್ಲಿ ಈಜಿದವಳು ನಾನು. ನನ್ನನ್ನು ಹೆತ್ತು ನನ್ನ ಅಮ್ಮ ತೀರಿಹೋದಳು. ನಾನೂ ಉಳಿಯೂದಿಲ್ಲ ಅಂತ ಸೂಲಗಿತ್ತಿ ಹೇಳಿದ್ದಂತೆ. ಹೆಂಡತಿಯನ್ನು ಮಣ್ಣು ಮಾಡಿ ಬಂದ ನನ್ನ ಅಪ್ಪ, ನನ್ನನ್ನು ಪಂಚೆಯಲ್ಲಿ ಸುತ್ತಿಕೊಂಡು ಬಿಸಿಲಲ್ಲಿ ನಡೆದೇ ಹೋಗಿ ಪಾದ್ರಿಗಳ ಬಾಗಿಲು ತಟ್ಟಿದ್ದು. ಇವಳಿಗೊಂದು ಹೆಸರಾದರೂ ಇರಲಿ ಅಂತ. ಈಗ ಕೆರೆಗೆ ಇಳಿದು, ಅದೆಲ್ಲ ಏನೂ ಅಲ್ಲ, ಇವತ್ತು ನನಗೆ ದೀಕ್ಷೆ ಆಯ್ತು ಅಂತ ಹೇಳಬೇಕಾ? ನನ್ನಿಂದ ಆಗೂದಿಲ್ಲ."

ಅಪ್ಪನಿಗೆ ಇದು ಮದುವೆಗೆ ಮೊದಲೇ ಗೊತ್ತಿತ್ತು. ಒಪ್ಪಿಯೇ ಮದುವೆಯಾಗಿದ್ದರು. ಇವತ್ತಲ್ಲ ನಾಳೆ ಬದಲಾದಾಳು ಎಂಬ ಆಸೆ ಅವರಿಗಿತ್ತೋ ಏನೋ, ಒತ್ತಾಯವನ್ನಂತೂ ಮಾಡಲಿಲ್ಲ. ಸಭೆಯ ಹಳಬರೂ ರೂಢಿಯಾಗಿ ಸುಮ್ಮನಿದ್ದರು. ಕಾಫಿಗೆ ಒಳ್ಳೆಯ ಬೆಲೆ ಬಂದು ಎಸ್ಟೇಟುಗಳಿಗೆ ಹೊಸ ಆಳುಗಳು ಬಂದ ಕಾಲದಲ್ಲಿ ನಮ್ಮ ಸಭೆಗೂ ಹೊಸ ಮನೆಗಳು ಸೇರಿದವು. ಅವರಲ್ಲಿ ಬೇರೆ ಸಭೆಗಳಿಂದ ಬಂದವರಿದ್ದರು. ಅವರಿಗೆ ನಮ್ಮವರು, ನೀವು ಮತ್ತೆ ಮುಳುಗಬೇಕು, ಆಮೇಲೆಯೇ ಭೋಜನ ಎಂದು ಹೇಳಿದಾಗ ಅವರು ಹೊಸ್ತಿಲ ಕಡೆ ಬೆರಳು ತೋರಿಸಿದರು. ಅಯ್ಯನವರ ಹೆಂಡತಿಯೇ ಮುಳುಗದಿರುವಾಗ ನಮಗೇಕೆ ಈ ಕಟ್ಟುಪಾಡು ಎಂದು ಕೇಳಿದರು.

ಈ ಮಾತನ್ನು ಅಪ್ಪನ ಮುಂದೆ ಇಟ್ಟವರು ದೇವದಾನ ಮೇಸ್ತ್ರಿ. ಸಭೆಯ ಹಿರಿಯರು, ಕೊಟ್ಟಿಗೆಹಾರದ ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಮೇಲ್ವಿಚಾರಣೆ ನೋಡುತ್ತಿದ್ದವರು. ಎತ್ತರದ ಮನುಷ್ಯ, ತಲೆಗೆ ಸದಾ ಉಣ್ಣೆಯ ಟೋಪಿ. ಕುಡಿತ ಬಿಟ್ಟು, ಕೆರೆಯಲ್ಲಿ ಮುಳುಗಿ ಎದ್ದ ಮೇಲೆ ತಮ್ಮ ಬದುಕು ನೆಟ್ಟಗಾಯಿತೆಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಹಾಗಾಗಿ ಆ ನೀರನ್ನು ಯಾರಾದರೂ ಹಗುರ ಮಾಡಿದರೆ ಅವರಿಗೆ ತಡೆಯುತ್ತಿರಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೆಲ್ಲ ಕೂತೇ ಉಳಿದರು. ಮೇಸ್ತ್ರಿಯವರೇ ಮಾತು ತೆಗೆದರು.

"ಅಮ್ಮನೋರ ಮೇಲೆ ನಮಗೆ ಬೇಜಾರಿಲ್ಲ ಅಯ್ಯನವ್ರೇ. ನನ್ನ ಹೆಂಡ್ತಿ ಮಾರ್ತಾ ಹಾಸಿಗೆ ಹಿಡಿದಾಗ ಅವಳ ಬಟ್ಟೆ ಒಗೆದವರು ಅವರು. ಆದರೆ ಕಟ್ಟು ಅಂದ ಮೇಲೆ ಎಲ್ಲರಿಗೂ ಒಂದೇ ಅಲ್ವಾ? ಅವರು ಕೆರೆಗೆ ಇಳೀಲಿ. ಇಲ್ಲಾಂದ್ರೆ ಭೋಜನ ಹಂಚೋಕೆ ನಿಮ್ಮ ಬದಲು ಬೇರೆಯವರನ್ನ ನೋಡೋಣ. ಬರೋ ಭೋಜನದ ಭಾನುವಾರ ಹೇಳಿ."

ಅಪ್ಪ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತರು. ಅವತ್ತು ಒಣಮೀನಿನ ಸಾರು. ಅಮ್ಮ ಬಡಿಸಿದಳು, ಅಪ್ಪ ಕೈ ಹಾಕಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ದನಿ ಎತ್ತಿ ಜಗಳವಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒಂದು ಸಲ ಇಳಿದು ಎದ್ದರೆ ಮುಗೀತಲ್ಲ ಸುಶೀಲಾ. ನಿನ್ನ ಅಪ್ಪ ಮಾಡಿದ್ದನ್ನ ನಾನು ಸುಳ್ಳು ಅಂತ ಹೇಳ್ತಿಲ್ಲ."

"ನೀವು ಹೇಳೂದು ಬೇಡ. ಆ ನೀರೇ ಹೇಳ್ತದೆ."

"ಈ ಸಭೆನ ನಾನು ಬೆಳೆಸಿದ್ದು. ಬಸ್ಸಿಲ್ಲದ ಕಡೆಗೆಲ್ಲ ನಡೆದು, ಅಷ್ಟು ದೂರದ ಸಂಸೆವರೆಗೂ ಹೋಗಿ ಒಬ್ಬೊಬ್ಬರನ್ನೇ ಸೇರಿಸಿದ್ದು. ಇದು ಒಡೆದುಹೋದ್ರೆ?"

ಅಮ್ಮ ಸೌಟನ್ನು ಕೆಳಗಿಟ್ಟಳು.

"ಒಬ್ಬರ ಪರವಾಗಿ ಇನ್ನೊಬ್ಬರು ನಂಬೋಕಾಗಲ್ಲ ಅಂತ ಅಲ್ಲಿ ನಿಂತು ಹೇಳುವವರು ನೀವೇ ಅಲ್ವಾ? ನಿಮ್ಮ ಸಭೆ ಉಳೀಲಿ ಅಂತ ನಾನು ಮುಳುಗಿದ್ರೆ ಅದು ಯಾರ ನಂಬಿಕೆ? ಹೇಳಿ, ನಾನು ಇಳಿತೇನೆ."

ಅಪ್ಪ ತಟ್ಟೆ ಬಿಟ್ಟು ಎದ್ದು, ಮುಂದಿನ ಕೋಣೆಗೆ ಹೋಗಿ ಹೊಲಿಗೆ ಮಿಷನ್ನನ್ನು ಗೋಡೆಯಿಂದ ಎಳೆದು ತುಳಿಯತೊಡಗಿದರು. ಭಾನುವಾರ ಮಿಷನ್ನು ತುಳಿಯುವುದು ನಮ್ಮಲ್ಲಿ ನಿಷಿದ್ಧ. ಅಮ್ಮ ತಡೆಯಲು ಹೋಗಲಿಲ್ಲ. ಅಪ್ಪ ಸೂಜಿಯ ಕೆಳಗೆ ಬಟ್ಟೆ ಇಡದೆಯೇ ತುಳಿಯುತ್ತಿದ್ದಾರೆಂದು ನನಗೆ ಬಾಗಿಲಿನಿಂದ ಕಂಡಿತು. ಆ ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಯಿತು. ಏನು ಹೇಳಬೇಕಿದ್ದರೂ ನನ್ನ ಮೂಲಕ. ಸುಮತಿ, ಅಪ್ಪನಿಗೆ ಕಾಫಿ ಆಯ್ತು ಅಂತ ಹೇಳು. ಸುಮತಿ, ಅಮ್ಮನಿಗೆ ಸೋಪು ಬೇಕಾ ಕೇಳು. ಇಬ್ಬರೂ ಒಂದೇ ಕೋಣೆಯಲ್ಲಿರುತ್ತಿದ್ದರು.

ಭೋಜನದ ಭಾನುವಾರ ಬಂತು. ಹಿಂದಿನ ಸಂಜೆ ಅಮ್ಮ ಎಂದಿನಂತೆ ರೊಟ್ಟಿ ಸುಟ್ಟಳು. ಉಪದೇಶ ಮುಗಿಸಿ ಅಪ್ಪ ಎಲ್ಲರನ್ನೂ ನೋಡಿದರು.

"ನನ್ನ ಹೆಂಡತಿ ಕೆರೆಗೆ ಇಳಿಯೋದಿಲ್ಲ. ನಾನು ಅವಳನ್ನ ಇಳಿ ಅಂತ ಹೇಳೋದೂ ಇಲ್ಲ. ಕಟ್ಟು ಎಲ್ಲರಿಗೂ ಒಂದೇ ಅನ್ನೋದು ಸರಿ. ಅದಕ್ಕೆ ಅವಳಿಗೆ ಕೊಡೋದಿಲ್ಲ. ನಾನೂ ತಗೊಳ್ಳೋದಿಲ್ಲ. ಬಡಿಸೋದು ಮಾತ್ರ ನನ್ನ ಕೆಲಸ. ಅದೂ ಬೇಡ ಅಂದ್ರೆ ಈಗಲೇ ಹೇಳಿ."

ಮೇಸ್ತ್ರಿಯವರು ತಲೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಪ್ಪ ರೊಟ್ಟಿ ಮುರಿದು ಎಲ್ಲರಿಗೂ ಹಂಚಿದರು. ಆಮೇಲೆ ತಟ್ಟೆಯನ್ನು ಮುಚ್ಚಿಟ್ಟು, ನಡುವಿನ ಕೋಣೆ ದಾಟಿ ಬಂದು, ಹೊಸ್ತಿಲಲ್ಲಿ ಮಕ್ಕಳ ನಡುವೆ ಅಮ್ಮನ ಪಕ್ಕದಲ್ಲಿ ಕೂತರು. ಅಮ್ಮ ಸ್ವಲ್ಪ ಸರಿದು ಜಾಗ ಕೊಟ್ಟಳು. ಅವಳ ಮುಖದಲ್ಲಿ ಗೆದ್ದ ಗುರುತೇನೂ ಇರಲಿಲ್ಲ. ಮಧ್ಯಾಹ್ನ ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತದ್ದನ್ನು ನೋಡಿದೆ. ತನಗಾಗಿ ಅಪ್ಪ ಬಿಟ್ಟದ್ದು ಎಂಥದ್ದೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವರಿಗೆ ಊಟ ತಪ್ಪಿದರೂ ನಡೆದೀತು, ಆ ತುಣುಕು ರೊಟ್ಟಿ ತಪ್ಪುವಂತಿರಲಿಲ್ಲ.

ಹೊಸದಾಗಿ ಬಂದ ಕೆಲವು ಮನೆಗಳು ಸಭೆ ಬಿಟ್ಟುಹೋದವು. ಅಕ್ಕಿಯ ಚೀಲ ಇಳಿಯಿತು, ಅಪ್ಪ ಹೊಲಿಗೆ ಹೆಚ್ಚಿಸಿದರು. ಮೇಸ್ತ್ರಿಯವರು ಹೋಗಲಿಲ್ಲ. ಪ್ರತಿ ಭಾನುವಾರ ಬರುವರು, ಗೋಡೆಗೆ ಒರಗದೆ ನೆಟ್ಟಗೆ ಕೂರುವರು. ಭೋಜನದ ದಿನ ಅಪ್ಪ ಎದ್ದು ಹೊಸ್ತಿಲ ಕಡೆ ನಡೆದಾಗ ಟೋಪಿಯನ್ನು ಕೈಯಲ್ಲಿ ಹಿಡಿದು ನೆಲ ನೋಡುವರು. ಅಮ್ಮ ಅವರಿಗೆ ಕಾಫಿ ಕೊಡುವುದನ್ನು ಬಿಡಲಿಲ್ಲ, ಅವರು ಕುಡಿಯುವುದನ್ನೂ ಬಿಡಲಿಲ್ಲ. ಹೀಗೆ ಒಂದು ಮಳೆಗಾಲ ಕಳೆದು ಕಾಫಿ ಹಣ್ಣಾಗತೊಡಗಿತು.

ಕುಯ್ಲಿನ ನಡುವೆ ಮೇಸ್ತ್ರಿಯವರ ಮಗಳು ಗ್ರೇಸಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವ ಬಹಳ ಮೊದಲೇ ನೋವು ಬಂದು, ಮೂಡಿಗೆರೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸುದ್ದಿ ಬಂದದ್ದು ಭಾನುವಾರ, ಆರಾಧನೆ ಮುಗಿದಾಗ. ಅಮ್ಮ ಗಂಜಿ ಮಾಡಿ ಕ್ಯಾರಿಯರಿಗೆ ಹಾಕಿದಳು. ಅಪ್ಪ, ಅಮ್ಮ, ನಾನು ಮೂವರೂ ಬಸ್ಸು ಹತ್ತಿದೆವು. ವಾರ್ಡಿನ ಕಿಟಕಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು. ಹತ್ತಿಯಲ್ಲಿ ಸುತ್ತಿದ ಮಗು ಅಪ್ಪನ ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಘಾಟಿ ಇಳಿಸಿ ಮಂಗಳೂರಿಗೆ ಒಯ್ಯುವಷ್ಟು ತ್ರಾಣ ಅದಕ್ಕಿಲ್ಲ, ತಾಯಿಯ ಹತ್ತಿರವೇ ಇರಲಿ ಎಂದು ಡಾಕ್ಟರು ಮೆತ್ತಗೆ ಹೇಳಿ ಹೋಗಿದ್ದರು. ಗ್ರೇಸಿಯ ಗಂಡ ಶಿವಮೊಗ್ಗದ ಕಡೆಯಿಂದ ಇನ್ನೂ ಬಂದಿರಲಿಲ್ಲ. ಮೇಸ್ತ್ರಿಯವರು ಮಂಚದ ಕಾಲ ಹತ್ತಿರ ನಿಂತಿದ್ದರು. ಗ್ರೇಸಿ ನನ್ನ ಅಪ್ಪನನ್ನು ನೋಡಿದಳು.

"ಅಯ್ಯನವ್ರೇ, ಇವಳಿಗೆ ಒಂಚೂರು ನೀರು ಹಾಕಿ. ಹೆಸರಿಡಿ."

"ಮಗು ದೇವರ ಕೈಯಲ್ಲಿದೆ ಗ್ರೇಸಿ. ನೀರು ಹಾಕದಿದ್ರೂ ಅವನ ಕೈಯಲ್ಲೇ ಇದೆ."

"ಅದು ನಿಮಗೆ ಗೊತ್ತು. ನನಗೇನು ಗೊತ್ತು? ಹೆಸರಿಲ್ಲದೆ ಹ್ಯಾಗೆ ಕಳಿಸ್ಲಿ ಇವಳನ್ನ?"

ಅಪ್ಪ ಹೇಳಿದ್ದು ಅವರ ನಂಬಿಕೆಯ ಮಟ್ಟಿಗೆ ಸತ್ಯವೇ, ಆದರೆ ಆ ಹುಡುಗಿಯ ಮುಂದೆ ಅದು ನಿಲ್ಲಲಿಲ್ಲ. ಅವರು ಮೇಸ್ತ್ರಿಯವರ ಕಡೆ ನೋಡಿದರು. ಮೇಸ್ತ್ರಿಯವರು ಕಿಟಕಿಯ ಕಡೆ ನೋಡುತ್ತಿದ್ದರು. ಅಮ್ಮ ಕ್ಯಾರಿಯರನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು.

"ನಾನು ಪಾದ್ರಿ ಅಲ್ಲ ಗ್ರೇಸಿ. ಇದು ದೀಕ್ಷೆಯಾ ಅಲ್ವಾ ಅಂತ ಸಭೆ ಬೇಕಾದ್ರೆ ಆಮೇಲೆ ಹೇಳ್ಲಿ. ಮೇಸ್ತ್ರಿಗಳೇ, ನೀವು ಬೇಡ ಅಂದ್ರೆ ನಾನು ಮುಟ್ಟೂದಿಲ್ಲ."

ಮೇಸ್ತ್ರಿಯವರು ಕಿಟಕಿಯಿಂದ ಈಚೆ ತಿರುಗಿದರು. ಮಂಚದ ಪಕ್ಕದಲ್ಲಿದ್ದ ಫ್ಲಾಸ್ಕನ್ನು ತೆಗೆದು, ಅದರ ಮುಚ್ಚಳಕ್ಕೆ ನೀರು ಬಗ್ಗಿಸಿ, ಬಿಸಿ ಆರಲೆಂದು ಊದಿದರು. ಆ ಒರಟು ಮನುಷ್ಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತ ನಿಂತದ್ದು ಈಗಲೂ ನನ್ನ ಕಣ್ಣ ಮುಂದಿದೆ. ಕಿರುಬೆರಳು ಅದ್ದಿ ನೋಡಿ ಅಮ್ಮನ ಕಡೆ ಚಾಚಿದರು. ಏನು ಹೆಸರು ಎಂದು ಅಮ್ಮ ಕೇಳಿದಾಗ ಗ್ರೇಸಿ, ಮಾರ್ತಾ ಎಂದಳು, ತೀರಿಹೋದ ತನ್ನ ತಾಯಿಯ ಹೆಸರು. ಅಮ್ಮ ಎರಡು ಬೆರಳು ಅದ್ದಿ ಕೂಸಿನ ಹಣೆಗೆ ಮುಟ್ಟಿಸಿ, ಮಾರ್ತಾ, ಕರ್ತನು ನಿನ್ನನ್ನು ಕಾಯಲಿ ಎಂದಳು. ನಾವೆಲ್ಲ ಅಪ್ಪನ ಬಾಯನ್ನೇ ನೋಡುತ್ತಿದ್ದೆವು. ಅಪ್ಪ ಆಮೆನ್ ಎಂದರು. ಅವರಿಗಿಂತ ತುಸು ತಡವಾಗಿ ಮೇಸ್ತ್ರಿಯವರೂ ಆಮೆನ್ ಎಂದರು.

ಮರುದಿನ ಬೆಳಿಗ್ಗೆ ಮಗು ಹೋಯಿತು. ಅಪ್ಪ ಅಂಗಡಿಯಲ್ಲಿ ಕೂತು ಅದಕ್ಕೊಂದು ಬಿಳಿ ಅಂಗಿ ಹೊಲಿದರು. ತೋಳು ಎಷ್ಟು ಸಣ್ಣದೆಂದರೆ ಅದನ್ನು ಮಿಷನ್ನಿಗೆ ಕೊಡಲಾಗದೆ ಕೈಯಲ್ಲೇ ಹೊಲಿಯಬೇಕಾಯಿತು. ಗೌಡರು ಕೆರೆಯಾಚೆಯ ದಿಬ್ಬದಲ್ಲಿ ಜಾಗ ತೋರಿಸಿ, ಕುಯ್ಲಿಗೆ ಬಂದಿದ್ದ ಆಳುಗಳನ್ನು ಅರ್ಧ ದಿನ ಬಿಟ್ಟು ಕಳಿಸಿದರು. ಮಣ್ಣು ಹಾಕುವಾಗ ಅಪ್ಪ, ನಮ್ಮ ಸಹೋದರಿ ಮಾರ್ತಾ ಎಂದರು. ನಮ್ಮ ಸಭೆಯಲ್ಲಿ ಸಹೋದರಿ ಎಂದು ಕರೆಯುವುದು ದೀಕ್ಷೆಯಾದವರನ್ನು ಮಾತ್ರ. ಅಲ್ಲಿದ್ದವರಿಗೆಲ್ಲ ಅದು ಕೇಳಿಸಿತು. ಯಾರೂ ತಿದ್ದಲಿಲ್ಲ.

ಆಮೇಲಿನ ಭೋಜನದ ಭಾನುವಾರ ಅಮ್ಮ ಎಂದಿನಂತೆ ಎದ್ದು ಹೋಗಿ ಹೊಸ್ತಿಲಲ್ಲಿ ಕೂತಳು. ಅಪ್ಪ ರೊಟ್ಟಿ ಹಂಚಿ, ತಟ್ಟೆ ಮುಚ್ಚಲು ಬಟ್ಟೆ ಎತ್ತಿಕೊಂಡರು. ಮೇಸ್ತ್ರಿಯವರು ಎದ್ದು ನಿಂತು ಕೈ ಚಾಚಿದರು. ಅಪ್ಪನಿಗೆ ಅರ್ಥವಾಗಲಿಲ್ಲ. ಮೇಸ್ತ್ರಿಯವರೇ ತಟ್ಟೆಯನ್ನು ತೆಗೆದುಕೊಂಡು, ಚಾಪೆಯಲ್ಲಿ ಕೂತವರ ನಡುವೆ ದಾರಿ ಮಾಡಿಕೊಂಡು, ಮಲಗುವ ಕೋಣೆ ದಾಟಿ ಬಂದು, ಅಮ್ಮನ ಮುಂದೆ ಬಗ್ಗಿದರು.

"ತಗೊಳ್ಳಿ ಅಮ್ಮ."

"ಸಭೆ ಒಪ್ಪಿದೆಯಾ?"

"ಸಭೆದು ನನಗೆ ಗೊತ್ತಿಲ್ಲ. ನೀರಿನ ವಿಷಯದಲ್ಲಿ ನಾನು ಹೇಳಿದ್ದು ಈಗಲೂ ಹೇಳ್ತೀನಿ. ಆದ್ರೆ ನನ್ನ ಮನೆ ಕೂಸಿಗೆ ನಿಮ್ಮ ಕೈ ಬೇಕಾಯ್ತು. ನಿಮ್ಮನ್ನ ಹೊಸ್ತಿಲಲ್ಲಿ ಕೂರಿಸಿ ಇನ್ನು ನಾನು ಇದನ್ನ ನುಂಗೋಕಾಗಲ್ಲ."

ಅಮ್ಮ ಕೂಡಲೇ ಕೈ ಚಾಚಲಿಲ್ಲ. ಮುಂದಿನ ಕೋಣೆಯಲ್ಲಿ ಎಲ್ಲರೂ ಕತ್ತು ತಿರುಗಿಸಿ ಕೂತಿದ್ದರು. ಯಾರಾದರೂ ಬೇಡವೆಂದಾರೆಂದು ಅವಳು ಕಾದಳೋ ಏನೋ. ಕಡೆಗೆ ಉಳಿದಿದ್ದ ಒಂದೇ ತುಣುಕನ್ನು ತೆಗೆದು ಎರಡು ಮಾಡಿ, ಊಟಕ್ಕೆ ಕರೆಯುವ ದನಿಯಲ್ಲಿ ಅಪ್ಪನನ್ನು ಕರೆದಳು.

"ಇಲ್ಲಿ ಬನ್ನಿ, ನೀವೂ ತಗೊಳ್ಳಿ."

ಅಪ್ಪ ಬಂದರು. ಕಣ್ಣು ಒರೆಸಿಕೊಳ್ಳಲು ಕೈಯಲ್ಲಿದ್ದ ತಟ್ಟೆಯ ಬಟ್ಟೆಯನ್ನೇ ಬಳಸಿದರು. ಅಮ್ಮನೂ ಎದ್ದಳು, ಇಬ್ಬರೂ ನಿಂತುಕೊಂಡೇ ತಿಂದರು. ಅಮ್ಮ ನಿಧಾನವಾಗಿ ಅಗಿಯುತ್ತಿದ್ದವಳು ನಡುವೆ ನಿಲ್ಲಿಸಿ, ಹುಬ್ಬು ಗಂಟಿಕ್ಕಿ ಮೇಸ್ತ್ರಿಯವರನ್ನು ನೋಡಿದಳು.

"ಇದಕ್ಕೆ ಉಪ್ಪೇ ಸಾಲದಲ್ಲ. ಇಷ್ಟು ವರ್ಷ ಒಬ್ಬರಾದರೂ ಹೇಳೂದಲ್ವಾ?"

ಮೇಸ್ತ್ರಿಯವರು ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡರು.

"ಹ್ಯಾಗೆ ಹೇಳೋದಮ್ಮ," ಎಂದರು. "ಅಷ್ಟು ಚೂರಲ್ಲಿ ನಮಗೆ ಗೊತ್ತಾಗ್ಲಿಲ್ಲ."